ಬಾನೆಟ್ಟಿನೊಳಗಿನ ಕೆಂಪು ಚುಕ್ಕಿ

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದಲ್ಲಿ ಚೀಲದ ಬಾಯಿ ನೋಡಿ ಯಾರೂ ನಂಬುವುದಿಲ್ಲ. ತಳದಿಂದ ಒಂದು ಹಿಡಿ ತೆಗೆದ ಮೇಲೆಯೇ ಮುಂದಿನ ಮಾತು. ಅಂಗಡಿಯಲ್ಲಿ ಕೂತು ಕೂತು ಮನುಷ್ಯರನ್ನೂ ಹಾಗೇ ನೋಡುವ ಚಟ ನನಗೆ ಅಂಟಿದೆ. ಯಾರಾದರೂ ಒಳ್ಳೆಯತನ ತೋರಿಸಿದರೆ ತಳದಲ್ಲೇನಿದೆಯೋ ಎಂದು ಯೋಚಿಸುತ್ತೇನೆ.

ನಮ್ಮ ಗೋದಾಮಿನ ಮೂಲೆಯಲ್ಲಿ ಒಂದು ಕಿಟ್ ಕಾರು ನಿಂತಿತ್ತು. ತೀರಿಹೋದ ನನ್ನ ಯಜಮಾನರು ಬಿಡಿಭಾಗಗಳ ಪೆಟ್ಟಿಗೆ ತರಿಸಿ, ಹಳೆಯ ಕಾರೊಂದರ ಎಂಜಿನ್ ಕೂರಿಸಿ, ಗೆಳೆಯರೊಬ್ಬರ ಜೊತೆ ಕೈಯಾರೆ ಕಟ್ಟಿದ್ದು. ಎರಡೇ ಸೀಟು. ಹೊಸದರಲ್ಲಿ ನಾವಿಬ್ಬರೂ ಅದರಲ್ಲಿ ಕದರಮಂಡಲಗಿ ಹನುಮಪ್ಪನ ಗುಡಿಗೆ ಹೋಗಿಬಂದಿದ್ದೆವು. ಕಳೆದ ವರ್ಷ ಬಾನೆಟ್ ಎತ್ತಿದರೆ ಇಲಿಗೂಡು, ಕಡಿದ ವೈರು, ತುಕ್ಕು. ಅಳು ಬಂತು. ಅವರ ಕೈಕೆಲಸವೆಂದು ಉಳಿದದ್ದು ಅದೊಂದೇ.

ಸುದ್ದಿ ತಿಳಿದು ಆ ಗೆಳೆಯರು ರಾಣೆಬೆನ್ನೂರಿನಿಂದ ಬಂದರು. "ಎಂಜಿನ್ ಕಡೆ ಅಷ್ಟೂ ಬಿಚ್ಚಿ ಹೊಸಾದು ಮಾಡಿಕೊಡ್ತೇನ್ರಿ ವೈನಿ. ರೊಕ್ಕದ ಮಾತು ಎತ್ತಬ್ಯಾಡ್ರಿ" ಎಂದರು, ಸ್ವಂತ ಅತ್ತಿಗೆಗೆ ಹೇಳುವಂತೆ. ಪುಕ್ಕಟೆ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಹಾವೇರಿಯಲ್ಲಿ ವಕೀಲನಾಗಿರುವ ನನ್ನ ತಮ್ಮ ಫೋನಿನಲ್ಲೇ ಒಗ್ಗರಣೆ ಹಾಕಿದ: "ಅಕ್ಕಾ, ಹಳೇ ಕಾರಿನ ಸಾಮಾನಿಗೆ ಗಿರಾಕಿ ಭಾಳ ಅದಾರ. ಅಸಲಿ ಹೋಗಿ ನಕಲಿ ಬಂದ್ರ ನಿನಗ ಹೆಂಗ ಗೊತ್ತಾಗ್ತೈತಿ?"

ಗೊತ್ತಾಗುವಂತೆ ಮಾಡಿದೆ. ಕಾರು ಒಯ್ಯುವ ಮುನ್ನ, ಚೀಲಕ್ಕೆ ಗುರುತು ಹಾಕುವ ಕೆಂಪು ಬಣ್ಣ ತಂದು ಕಾರ್ಬುರೇಟರಿಗೆ, ಫ್ಯಾನಿಗೆ, ಬ್ಯಾಟರಿ ಕೂರುವ ತಗಡಿನ ಅಡಿಗೆ, ಕೈ ಹೋದಲ್ಲೆಲ್ಲ ಒಂದೊಂದು ಚುಕ್ಕಿ ಇಟ್ಟೆ. ಹೊಸದಾಗಿ ಕಾಣದಿರಲೆಂದು ಒಣಗಿದ ಮೇಲೆ ಮಸಿ ತಿಕ್ಕಿದೆ.

ಆಮೇಲೂ ಸುಮ್ಮನಿರಲಿಲ್ಲ. ಹೇಳದೆ ಕೇಳದೆ ರಾಣೆಬೆನ್ನೂರಿನ ಅವರ ಶೆಡ್ಡಿಗೆ ಹೋಗಿ ನಿಲ್ಲುತ್ತಿದ್ದೆ. ಒಮ್ಮೆ ಕಾರ್ಬುರೇಟರ್ ಕಾಣಲಿಲ್ಲ. "ಅದು ಮನ್ಯಾಗ ಐತ್ರಿ" ಎಂದರು, ನನ್ನ ಕಡೆ ತಿರುಗದೆ. ಶೆಡ್ಡಿನ ಸಾಮಾನಿಗೆ ಮನೆಯಲ್ಲೇನು ಕೆಲಸ? ಅವರು ಕೊಟ್ಟ ಚಹಾದಲ್ಲಿ ಸಕ್ಕರೆಯೂ ಜಾಸ್ತಿಯಿತ್ತು. ಇದು ನನ್ನ ಬಾಯಿ ಮುಚ್ಚಿಸಲಿಕ್ಕೇ ಎಂದುಕೊಂಡೆ.

ಕೆಲಸ ಮುಗಿದಾಗ ಕರೆದು ಬಾನೆಟ್ ಎತ್ತಿದರು. ಒಳಗೆಲ್ಲ ಬೂದು ಬಣ್ಣ ಹೊಳೆಯುತ್ತಿತ್ತು. ನಾನು ಹೊಗಳಲಿಲ್ಲ. ನೇರ ಬಗ್ಗಿ, ಬ್ಯಾಟರಿ ತಗಡಿನ ಅಡಿಗೆ ಮೊಬೈಲಿನ ಬೆಳಕು ಬಿಟ್ಟೆ. ಚುಕ್ಕಿ ಇತ್ತು. ಅಷ್ಟನ್ನು ಮಾತ್ರ ಬಿಟ್ಟು ಸುತ್ತ ಬಣ್ಣ ಬಳಿದು, ಅದರ ಮೇಲೆ ವಾರ್ನಿಶ್ ಹಚ್ಚಿದ್ದರು. ಕಾರ್ಬುರೇಟರಿನಲ್ಲೂ ಹಾಗೇ. ಫ್ಯಾನಿನಲ್ಲೂ ಹಾಗೇ.

"ನಿಮಗೂ ಗೊತ್ತಿತ್ತೇನ್ರಿ ವೈನಿ?" ಅವರೂ ನನ್ನ ಪಕ್ಕದಲ್ಲಿ ಬಗ್ಗಿದರು. "ಕಾರು ಜೋಡಸುವಾಗ ನನ್ನ ಗೆಳೆಯ ಇಟ್ಟ ಗುರುತು. ನನಗೂ ಈಗ ಬಿಚ್ಚಿದ ಮ್ಯಾಲೆನ ಕಂಡ್ವು. ಕಾರ್ಬುರೇಟರ್ ಚಿಮಣಿ ಎಣ್ಯಾಗ ಅದ್ದಿ ತೊಳದಿದ್ರ ಗುರುತು ಅಳಸಿ ಹೋಗ್ತಿತ್ತು. ಅದಕ್ಕ ಮನ್ಯಾಗ ಕುಂತು ಕೈಲೇ ಒರಸೇನಿ."

ನಾಟಕವೇನೋ ಎಂದು ಮುಖವನ್ನೇ ದಿಟ್ಟಿಸಿದೆ. ಕಣ್ಣು ಒದ್ದೆಯಾಗಿತ್ತು. ಅವು ನನ್ನ ಚುಕ್ಕಿಗಳು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಫ್ಯಾನಿನ ಚುಕ್ಕಿಯ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಸವರಿದರು.

"ಹೌದ್ರಿ, ಅವರದ" ಎಂದೆ.