ಗಾಳಿ ಹಂಡೆಯ ವಿಭೂತಿ

ಯುದ್ಧದ ಕಾಲ. ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು, ಹೊಸ ಟೈರು ಕಣ್ಣಿಗೂ ಬೀಳುತ್ತಿರಲಿಲ್ಲ. ಚನ್ನರಾಯಪಟ್ಟಣದ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಹಸುವಿನ ಜಾಗಕ್ಕೆ ಗಾಳಿ ಯಂತ್ರ ಬಂದಿತ್ತು. ನಮ್ಮ ಯಜಮಾನರು ಹಾಸನದಿಂದ ಹೇರಿಸಿಕೊಂಡು ತಂದ ಹಳೆಯ ಮಾಲು. ಎಣ್ಣೆ ಎಂಜಿನ್ನು ಅದನ್ನು ತಿರುಗಿಸಿದರೆ ಕೆಳಗಿನ ಕಬ್ಬಿಣದ ಹಂಡೆಯಲ್ಲಿ ಗಾಳಿ ತುಂಬಿಕೊಳ್ಳುತ್ತಿತ್ತು. ಬಸ್ಸುಗಳ ತೇಪೆ ಹಾಕಿದ ಟೈರುಗಳಿಗೆಲ್ಲ ಅಲ್ಲಿಂದಲೇ ಗಾಳಿ.

ಆ ಹಂಡೆಯ ಚಾಕರಿಯನ್ನು ನನ್ನ ತಲೆಗೆ ಕಟ್ಟಿದ್ದರು. ಗಾಳಿಯ ತೇವ ತಳದಲ್ಲಿ ನೀರಾಗಿ ನಿಲ್ಲುತ್ತದೆ, ದಿನಾ ಸಂಜೆ ತಳದ ನಲ್ಲಿ ತಿರುಗಿಸಿ ಬಿಡದಿದ್ದರೆ ಕಬ್ಬಿಣ ಒಳಗೊಳಗೇ ತಿಂದುಹೋಗುತ್ತದೆ ಎಂದಿದ್ದರು. ಎಮ್ಮೆ ಕರೆಯುವವಳಂತೆ ಕುಕ್ಕರುಗಾಲಲ್ಲಿ ಕೂತು ಚೊಂಬು ಹಿಡಿಯುತ್ತಿದ್ದೆ. ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ನೀರು ಕೆಂಪಗೆ, ತುಕ್ಕಿನ ಚಕ್ಕೆಗಳೊಡನೆ ಬರತೊಡಗಿತು. ಅವರಿಗೆ ತೋರಿಸಿದೆ.

"ದಸರಾ ಅಬ್ಬ ಮುಗೀಲಿ, ಬಿಚ್ಚಿ ನೋಡ್ತೀನಿ," ಎಂದರು.

ಆಯುಧಪೂಜೆಯ ದಿನ ಯಂತ್ರಕ್ಕೆ ರಜ. ಹಿಂದಿನ ದಿನದ ಗಾಳಿ ಹಂಡೆಯಲ್ಲಿ ಹಾಗೇ ಇತ್ತು. ಪೂಜೆಗಿಟ್ಟ ಎಲ್ಲಕ್ಕೂ ವಿಭೂತಿ ಬಳಿಯುವುದು ನಮ್ಮಲ್ಲಿನ ಪದ್ಧತಿ. ನೀರಲ್ಲಿ ಕಲಸಿ, ಹಂಡೆಯ ಹೊಟ್ಟೆಗೆ ಮೂರು ಬೆರಳು ಎಳೆದೆ. ಕೆಳಗಿನ ಪಟ್ಟೆಯಲ್ಲಿ ಸಾಸಿವೆ ಗಾತ್ರದ ಗುಳ್ಳೆ ಎದ್ದು ಒಡೆಯಿತು. ಒರೆಸಿ ಮತ್ತೆ ಬಳಿದೆ. ಮತ್ತೆ ಗುಳ್ಳೆ. ಕಿವಿಗೊಟ್ಟರೆ ಸಣ್ಣಗೆ ಸುಯ್ ಎನ್ನುತ್ತಿತ್ತು.

"ಅತ್ತೆ, ಹಂಡೆ ತೂತಾಗೈತೆ. ಅವ್ರಿಗೆ ಯೋಳ್ಬೇಕು," ಎಂದೆ.

ಹೂವು ಕಟ್ಟುತ್ತಿದ್ದ ಅತ್ತೆ ಗದರಿದರು. "ಒಳ್ಳೇ ದಿನ ಕೆಟ್ ಮಾತು ಆಡ್ಬ್ಯಾಡ ಕಣವ್ವ. ನಾಳೆ ಯಂತ್ರ ಸುರು ಮಾಡ್ಲಿ, ಆಮ್ಯಾಕೆ ಯೋಳೀವಂತೆ."

ನಾನೇನು ಬಾಯಿ ಸತ್ತವಳಲ್ಲ, ಅತ್ತೆಗೆ ಎಷ್ಟೋ ಸಲ ಎದುರಾಡಿದವಳೇ. ಅವತ್ತು ಮಾತ್ರ, ಅಪಶಕುನ ನುಡಿದವಳು ಎನಿಸಿಕೊಳ್ಳಲು ಹೆದರಿ ಸುಮ್ಮನಾದೆ. ಗುಳ್ಳೆಯ ಮೇಲೆ ದಪ್ಪಗೆ ವಿಭೂತಿ ಮೆತ್ತಿ ಚೆಂಡುಹೂವಿನ ಹಾರ ಇಳಿಬಿಟ್ಟೆ.

ವಿಜಯದಶಮಿಯ ಬೆಳಿಗ್ಗೆ ಅವರು ಕಾಯಿ ಒಡೆದು ಎಂಜಿನ್ನು ಶುರು ಮಾಡಿದರು. ನಾನು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಗಾಳಿಯ ಅಳತೆಯ ಮುಳ್ಳು ಏರುವುದನ್ನೇ ನೋಡುತ್ತಿದ್ದೆ. ಹಂಡೆಯ ಮೇಲಿನ ಹಾರ ನಡುಗುತ್ತಿತ್ತು. ಅತ್ತೆ ಆರತಿ ತರಲು ಒಳಗೆ ಹೋದರು. ಆರತಿಯೊಂದು ಆಗಿಬಿಡಲಿ, ಹೇಳಿಬಿಡುತ್ತೇನೆ ಎಂದುಕೊಂಡೆ. ಅಷ್ಟರಲ್ಲಿ ಹಂಡೆ ಸಿಡಿಯಿತು. ಕೊಟ್ಟಿಗೆಯ ಹೆಂಚುಗಳು ಬೀದಿಯವರೆಗೆ ಹಾರಿದ್ದವು.

ಯಜಮಾನರ ಪ್ರಾಣ ಉಳಿಯಿತು. ಎರಡು ಕಿವಿಯೂ ಹೋದವು. ಗುಳ್ಳೆಯ ವಿಷಯವನ್ನು ಆಮೇಲೆ ಅವರಿಗೆ ಎಷ್ಟೋ ಸಲ ಹೇಳಿದ್ದೇನೆ, ಕೂಗಿಯೇ ಹೇಳಿದ್ದೇನೆ. ಅವರು ನನ್ನ ತುಟಿಗಳನ್ನೇ ನೋಡಿ, ಊಟಕ್ಕೆ ಕರೆಯುತ್ತಿದ್ದೇನೆಂದು ತಿಳಿದು ಕೈ ತೊಳೆಯಲು ಏಳುತ್ತಿದ್ದರು.