ಲಂಡನ್ನಿನಿಂದ ಒಂಬತ್ತು ತಾಸು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಮೂಡಲಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು ನಾನು. ಲೆಕ್ಕಕ್ಕೆ ಸಿಗದ್ದು ಇರುವುದೇ ಇಲ್ಲ ಎಂದು ನಂಬಿದ್ದೆ. ಈಗ ಹಾಗೆ ನಗಲು ಧೈರ್ಯವಾಗುವುದಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಇನ್ನು ಮನೆಗೆ ಕರೆದೊಯ್ಯಿರಿ ಎಂದು ಘಟಪ್ರಭಾದಲ್ಲಿ ಡಾಕ್ಟರು ಹೇಳಿದ ಮೇಲೆ ಅವ್ವನನ್ನು ನಮ್ಮೂರು ಕುಲಗೋಡಕ್ಕೆ ಕರೆತಂದಿದ್ದೆವು. ತಂಗಿ ಶೈಲಾ ಲಂಡನ್ನಿನಲ್ಲಿ ನರ್ಸು. ಮರುದಿನ ಬೆಳಿಗ್ಗೆ ಎಂಟಕ್ಕೆ ಅವಳ ಫೋನು ಬಂತು. ಟಿಕೆಟ್ ಸಿಕ್ಕಿದೆ, ಹೊರಟಿದ್ದೇನೆ, ಇಸ್ತಾಂಬುಲಿನಲ್ಲಿ ವಿಮಾನ ಬದಲಿಸಬೇಕು, ಅಲ್ಲಿ ಆರು ತಾಸು ಕಾಯಬೇಕು ಎಂದಳು.

ಅವ್ವ ಕಣ್ಣು ತೆರೆದು, “ಎಷ್ಟ ತಾಸಿನ ಹಾದಿ ಐತಿ?” ಎಂದು ಕೇಳಿದಳು.

ಮೊಬೈಲಿನಲ್ಲಿ ನೋಡಿದೆ. ಲಂಡನ್ನಿನಿಂದ ಮುಂಬೈಗೆ ಏಳು ಸಾವಿರ ಕಿಲೋಮೀಟರಿಗೂ ಮೇಲೆ. ನೇರ ಬಂದರೆ ಒಂಬತ್ತು ತಾಸು. “ಒಂಬತ್ತ ತಾಸ, ಅವ್ವಾ,” ಎಂದುಬಿಟ್ಟೆ. ನಡುವೆ ಕಾಯುವುದನ್ನೂ ಮುಂಬೈಯಿಂದ ನಮ್ಮೂರಿನ ರಸ್ತೆಯನ್ನೂ ಹೇಳುವ ಮನಸ್ಸಾಗಲಿಲ್ಲ. ಅವ್ವ ಗೋಡೆಯ ಗಡಿಯಾರ ನೋಡಿ, “ಹಂಗಾರ ಐದಕ್ಕ ಬರ್ತಾಳ,” ಎಂದಳು.

ಆಮೇಲೆ ದಿನವಿಡೀ ಮಾತಾಡಲಿಲ್ಲ. ಐದು ಹೊಡೆದಾಗ ಬಾಜೂದಲ್ಲಿ ನಾನೊಬ್ಬನೇ ಇದ್ದೆ. ಮೂರು ದಿನದಿಂದ ಮಗ್ಗುಲು ಬದಲಿಸಲಾಗದವಳು ತಾನೇ ಗೋಡೆಯ ಕಡೆ ಸರಿದು ಹಾಸಿಗೆಯಲ್ಲಿ ಜಾಗ ಮಾಡಿದಳು. “ಬಾ, ಕುಂಡ್ರು,” ಎಂದಳು. ಹೇಳಿದ್ದು ನನಗಲ್ಲ. “ಊಟ ಆತೇನ?” ಎಂದು ಕೇಳಿ, ಉತ್ತರ ಬರುವಷ್ಟು ಹೊತ್ತು ಸುಮ್ಮನಿದ್ದು, “ಬರೇ ಬ್ರೆಡ್ಡ ತಿಂದ್ರ ಹೊಟ್ಟಿ ತುಂಬತೈತೇನ?” ಎಂದಳು. ಮತ್ತೆ ಏನನ್ನೋ ಆಲಿಸಿದಳು. “ಇರ್ಲಿ ಬಿಡು. ಗಡಿಬಿಡಿ ಮಾಡಬ್ಯಾಡ. ಸಾವಕಾಶ ಬಾ,” ಎಂದು ಕಣ್ಣು ಮುಚ್ಚಿದಳು. ಇಪ್ಪತ್ತು ನಿಮಿಷದಲ್ಲಿ ಉಸಿರು ನಿಂತಿತು.

ನಾನು ಹೇಳಿದಷ್ಟೇ ಹೊತ್ತು ಅವಳು ಜೀವ ಹಿಡಿದಿದ್ದಳು. ಖರೆ ಹೇಳಿದ್ದರೆ ಮರುದಿನದವರೆಗೂ ಕಾಯುತ್ತಿದ್ದಳೇನೋ ಎಂಬ ಯೋಚನೆ ಅವತ್ತೇ ತಲೆಯಲ್ಲಿ ಹೊಕ್ಕಿತು, ಇನ್ನೂ ಹೋಗಿಲ್ಲ.

ಶೈಲಾಗೆ ಫೋನಿನಲ್ಲಿ ತಿಳಿಸುವುದು ಬೇಡವೆಂದು ಮರುದಿನ ನಾನೇ ಹತ್ತರಗಿಗೆ ಹೋಗಿ ಹೆದ್ದಾರಿಯ ಬದಿಯಲ್ಲಿ ನಿಂತೆ. ಮುಂಬೈಯ ಬಾಡಿಗೆ ಕಾರಿನಿಂದ ಇಳಿದವಳು, ನಾನು ಬಾಯಿ ತೆರೆಯುವ ಮೊದಲೇ, “ಅವ್ವ ಹೋದ್ಲಲ್ಲ, ಅಣ್ಣಾ,” ಎಂದಳು.

ಇಸ್ತಾಂಬುಲಿನಲ್ಲಿ ಬೆಂಚಿನ ಮೇಲೆ ಕುಳಿತಲ್ಲೇ ಅವಳಿಗೆ ಜೋಂಪು ಹತ್ತಿತಂತೆ. “ಅವ್ವ ಊಟ ಆತೇನ ಅಂದ್ಲು. ಬರೇ ಬ್ರೆಡ್ಡ ತಿಂದೇನಿ ಅಂದ್ನಿ. ಇಮಾನ ಇನ್ನೂ ತಡಾ ಐತಿ ಅಂದ್ನಿ. ಸಾವಕಾಶ ಬಾ ಅಂದ್ಲು.”

ಎಷ್ಟೊತ್ತಿಗೆ ಹೋದಳೆಂದು ಕೇಳಿದಳು. ಐದೂ ಇಪ್ಪತ್ತಕ್ಕೆ ಎಂದೆ. ಅವಳ ಕೈಗಡಿಯಾರದಲ್ಲಿ ಇನ್ನೂ ಲಂಡನ್ನಿನ ವೇಳೆಯಿತ್ತು. ಅದನ್ನು ನೋಡುತ್ತ ಬೆರಳು ಮಡಚಿ ತಾಸು ಎಣಿಸಿದಳು. ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಈಗ ಅವಳು ಅದನ್ನು ಕನಸು ಎನ್ನುತ್ತಾಳೆ. ಆ ಮಾತಿನ ಇನ್ನೊಂದು ಅರ್ಧವನ್ನು ನಾನು ಕಿವಿಯಾರೆ ಕೇಳಿದ್ದೇನೆಂದು ಇವತ್ತಿನವರೆಗೂ ಹೇಳಿಲ್ಲ. ನಡೆದದ್ದು ಏನೆಂದು ನನಗೂ ತಿಳಿದಿಲ್ಲ. ಹೇಳಲು ಹೊರಟರೆ, ಅವತ್ತು ಬೆಳಿಗ್ಗೆ ಅವ್ವನಿಗೆ ನಾನು ಕೊಟ್ಟ ಉತ್ತರವನ್ನೂ ಹೇಳಬೇಕಾಗುತ್ತದೆ.