ಕಸಿಯ ಕೆಳಗಿನ ಚಿಗುರು

ಹೇರೋಹಳ್ಳಿಯ ಕೆಂಚಪ್ಪ ಕಟ್ಟಿದ ಕಸಿ ಹಿಡಿಯದೆ ಹೋದದ್ದೇ ಇಲ್ಲ. ಆ ಜಂಬದಲ್ಲೇ ಹಿತ್ತಲಿನ ಹುಳಿಮಾವಿನ ಕೊಂಬೆಗಳನ್ನೆಲ್ಲ ಕಡಿದು, ಮಲ್ಲಿಕಾ ತಳಿಯ ಕಸಿ ಕಟ್ಟಿದ್ದ. ಹಣ್ಣೇನೋ ಸಕ್ಕರೆಯಂತಿತ್ತು. ಹೆಂಡತಿ ಅಕ್ಕಯ್ಯಮ್ಮನ ಉಪ್ಪಿನಕಾಯಿ ಮಾತ್ರ ನಿಂತುಹೋಯಿತು. ಪ್ರತಿ ವರ್ಷ ಕಸಿಯ ಕೆಳಗೆ ಹಳೇ ಮರ ಚಿಗುರು ಒಡೆಯುತ್ತಿತ್ತು.

"ಅದೊಂದು ಬಿಡಿ, ನನ್ನ ಉಪ್ಪಿನಕಾಯಿಗೆ" ಅನ್ನುತ್ತಿದ್ದಳು.

"ಕೆಳಗಿಂದು ಬಿಟ್ರೆ ಮೇಲಿಂದು ಸೊರಗುತ್ತೆ ಕಣೇ" ಎಂದು ಚಿವುಟಿ ಎಸೆಯುತ್ತಿದ್ದ.

ಅವಳು ತೀರಿಕೊಂಡ ಮೇಲೆ ಬುದ್ಧಿ ಬಂತು. ದಿನಾ ಬುಡಕ್ಕೆ ನೀರು ಹುಯ್ದು ಕಾದ, ಚಿಗುರು ಬರಲಿಲ್ಲ. ಇವತ್ತು ಬೆಳಿಗ್ಗೆ ಮರಕ್ಕೆ ಒರಗಿಕೊಂಡು ಪಕ್ಕದ ಸೈಟಿನವರ ಜೊತೆ ಮಾತಾಡುತ್ತಾ ನಿಂತಿದ್ದ. ಮಾತು ಮುಗಿಸಿ ಕೈ ನೋಡಿಕೊಂಡರೆ, ಬೆರಳ ಸಂದಿಯಲ್ಲಿ ಕೆಂಪನೆಯ ಎಳೆ ಚಿಗುರು. ಯಾವಾಗ ಚಿವುಟಿದನೋ ಅವನಿಗೇ ಗೊತ್ತಾಗಿರಲಿಲ್ಲ.